ಕಲ್ಲಿನ ಸೀಮೆಯ ಹಳ್ಳಿಗಳಲ್ಲಿ ಕ್ಯಾಮೆರಾ: ಡೋಂಗ್ ವಾನ್‌ಗೆ ಒಂದು ತಂಡಪ್ರವಾಸ

ವಿಯೆಟ್ನಾಮಿನ ಉತ್ತರದ ತುದಿಯಲ್ಲಿ, ಚೀನಾದ ಗಡಿಗೆ ಒತ್ತಿಕೊಂಡಂತೆ ಇರುವ ಡೋಂಗ್ ವಾನ್ ಪ್ರಸ್ಥಭೂಮಿಗೆ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬೆಂಗಳೂರು, ಮೈಸೂರು ಮತ್ತು ಶಿವಮೊಗ್ಗದ ಹವ್ಯಾಸಿ ಛಾಯಾಗ್ರಾಹಕರ ತಂಡವೊಂದರ ಜೊತೆ ಹೋಗಿ ಬಂದೆ. ಇಂಥ ಪ್ರವಾಸಗಳು ಈಚೆಗೆ ನಮ್ಮಲ್ಲಿ ಹೆಚ್ಚುತ್ತಿವೆ. ಅವುಗಳ ಪ್ರಚಾರಪತ್ರಗಳಲ್ಲಿ ಹೂವು, ಮಂಜು, ಬೆಳಕು ಮತ್ತು ಬಣ್ಣದ ಉಡುಗೆಗಳ ವಿವರ ಧಾರಾಳವಾಗಿ ಸಿಗುತ್ತದೆ. ಆದರೆ ಮೂವತ್ತು ನಲವತ್ತು ಮನೆಗಳ ಒಂದು ಬೆಟ್ಟದ ಹಳ್ಳಿಗೆ ಹತ್ತಾರು ಕ್ಯಾಮೆರಾಗಳು ಒಟ್ಟಿಗೆ ನುಗ್ಗಿದಾಗ ಅಲ್ಲಿ ಏನಾಗುತ್ತದೆ, ಅದನ್ನು ಹೇಗೆ ನಿಭಾಯಿಸಬೇಕು ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ನನ್ನ ಮಟ್ಟಿಗೆ ಈ ಪ್ರವಾಸದ ಮುಖ್ಯ ಪಾಠ ಅದೇ ಆಗಿತ್ತು.

ಡೋಂಗ್ ವಾನ್ ಬಹುಪಾಲು ಸುಣ್ಣಕಲ್ಲಿನ ಸೀಮೆ. ಇದು 2010ರಲ್ಲಿ ಯುನೆಸ್ಕೊ ಬೆಂಬಲದ ಜಾಗತಿಕ ಭೂ ಉದ್ಯಾನಗಳ, ಎಂದರೆ ಭೂರಚನೆಯ ಮಹತ್ವಕ್ಕಾಗಿ ಗುರುತಿಸಿದ ಪ್ರದೇಶಗಳ, ಜಾಲಕ್ಕೆ ಸೇರಿತು. ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುವುದರಿಂದ ಮಳೆಗಾಲ ಕಳೆದರೆ ನೀರಿಗೆ ತತ್ವಾರ. ಗದ್ದೆ ಮಾಡುವಷ್ಟು ಸಮತಟ್ಟಾದ ಮಣ್ಣು ಕಣಿವೆಯ ತಳದಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಇಲ್ಲಿನ ಮುಖ್ಯ ಆಹಾರ ಗೋವಿನಜೋಳ. ಬಂಡೆಗಳ ನಡುವೆ ಅಂಗೈಯಗಲದ ಕುಳಿ ಕಂಡರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿ, ಅದರಲ್ಲಿ ನಾಲ್ಕು ಕಾಳು ಊರಿ ಬೆಳೆ ತೆಗೆಯುತ್ತಾರೆ. ಜನರಲ್ಲಿ ಹ್ಮಾಂಗ್ ಸಮುದಾಯದವರೇ ಹೆಚ್ಚು. ಲೋ ಲೋ, ದಾವ್, ತಾಯ್ ಸಮುದಾಯಗಳೂ ಇವೆ. 2025ರ ಜುಲೈ 1ರಂದು, ಡೋಂಗ್ ವಾನ್ ಸೇರಿದ್ದ ಹಾ ಜಿಯಾಂಗ್ ಪ್ರಾಂತ್ಯ ಪಕ್ಕದ ತುಯೆನ್ ಕ್ವಾಂಗ್‌ನಲ್ಲಿ ವಿಲೀನವಾಗಿದೆ, ಆದರೂ ಪ್ರವಾಸಿಗರ ಬಾಯಲ್ಲಿ ಈ ಇಡೀ ಪ್ರದೇಶ ಇನ್ನೂ ಹಾ ಜಿಯಾಂಗ್ ಆಗಿಯೇ ಉಳಿದಿದೆ.

ಸಿದ್ಧತೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಭಾರತೀಯರಿಗೆ ಒಂದು ಪ್ರವೇಶದ ಇ-ವೀಸಾ ಇಪ್ಪತ್ತೈದು ಡಾಲರಿಗೆ ಅಂತರ್ಜಾಲದಲ್ಲೇ ಸಿಗುತ್ತದೆ. ಕೋಲ್ಕತ್ತದ ಮಾರ್ಗವಾಗಿ ಹನೋಯಿ ತಲುಪಿ, ಅಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರ್ ರಸ್ತೆಯಲ್ಲಿ ಹಾ ಜಿಯಾಂಗ್ ಪಟ್ಟಣಕ್ಕೆ ಹೋಗಬೇಕು. ಗಡಿಪ್ರದೇಶವಾದ್ದರಿಂದ ವಿದೇಶಿಯರು ಪಡೆಯಬೇಕಾದ ಅನುಮತಿಪತ್ರವನ್ನು ಹನೋಯಿಯ ಪ್ರವಾಸ ಸಂಸ್ಥೆಯವರೇ ಮಾಡಿಸಿದ್ದರು. ಡ್ರೋನ್ ಹಾರಿಸಲು ಅಲ್ಲಿನ ರಕ್ಷಣಾ ಇಲಾಖೆಯ ಅನುಮತಿ ಬೇಕಾಗುವುದರಿಂದ ಅದನ್ನು ಯಾರೂ ಒಯ್ಯಬಾರದೆಂದು ಮೊದಲೇ ತೀರ್ಮಾನವಾಗಿತ್ತು. ನಾನು ಒಂದು ಕ್ಯಾಮೆರಾ, 35 ಮಿ.ಮೀ.ನ ಒಂದು ಲೆನ್ಸ್, 24–70ರ ಒಂದು ಜೂಮ್ ಮತ್ತು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಫೋಟೋ ಪ್ರಿಂಟರ್ ಇಟ್ಟುಕೊಂಡಿದ್ದೆ. ದೂರದಿಂದ ಮುಖಗಳನ್ನು ಹಿಡಿಯುವ ಉದ್ದನೆಯ ಲೆನ್ಸನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ತಂಡದಲ್ಲಿ ಅರ್ಧದಷ್ಟು ಜನ ಸಸ್ಯಾಹಾರಿಗಳು. ಅನ್ನ, ತೋಫು, ಬೆಂದ ಸೊಪ್ಪು ಎಲ್ಲ ಕಡೆಯೂ ಸಿಕ್ಕಿತು, ಮೀನಿನ ಸಾಸ್ ಬೇಡವೆಂದು ಪ್ರತಿ ಊಟಕ್ಕೂ ಮೊದಲೇ ಹೇಳಬೇಕಾಗಿತ್ತು, ಅಷ್ಟೆ.

ಹಾ ಜಿಯಾಂಗ್ ಪಟ್ಟಣದಿಂದ ಮೇಲಕ್ಕೆ ಏರುವ ರಸ್ತೆಗೆ ‘ಸುಖದ ದಾರಿ’ ಎಂಬ ಅರ್ಥದ ಹೆಸರಿದೆ. 1959ರಿಂದ 1965ರವರೆಗೆ ಬಹುಪಾಲು ಕೈಕೆಲಸದಿಂದಲೇ ಕಡಿದು ಮಾಡಿದ, ಸುಮಾರು 185 ಕಿಲೋಮೀಟರ್ ಉದ್ದದ ಈ ದಾರಿ ಬರುವ ಮುಂಚೆ ಮೇಲಿನ ಹಳ್ಳಿಗಳಿಗೆ ಕಾಲುದಾರಿ, ಕುದುರೆದಾರಿ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಈಗ ಅದೇ ರಸ್ತೆಯ ತಿರುವುಗಳಲ್ಲಿ ಮೋಟರ್‌ಸೈಕಲ್ ಪ್ರವಾಸಿಗರ ಸಾಲು ಕಾಣುತ್ತದೆ. ಥಾಮ್ ಮಾ ಎಂಬ ಇಳಿಜಾರಿನ ಮೇಲ್ಗಡೆ, ಹಾವಿನಂತೆ ಸುತ್ತಿ ಬರುವ ರಸ್ತೆಯ ಚಿತ್ರ ಸಿಗುವ ಜಾಗದಲ್ಲಿ, ಬೆನ್ನಿಗೆ ಹೂವು ತುಂಬಿದ ಬುಟ್ಟಿ ಕಟ್ಟಿಕೊಂಡು, ಮಿರುಗುವ ಉಡುಗೆ ತೊಟ್ಟ ಪುಟ್ಟ ಮಕ್ಕಳು ನಿಂತಿರುತ್ತಾರೆ. ಫೋಟೋ ತೆಗೆದವರು ಕೊಡುವ ಚಿಲ್ಲರೆ ಹಣಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ಗಾಳಿಯಲ್ಲಿ ನಿಲ್ಲುತ್ತಾರೆ. ಇವರಲ್ಲಿ ಕೆಲವರು ಶಾಲೆ ಬಿಟ್ಟು ಬರುತ್ತಾರೆಂದು ನಮ್ಮ ಸ್ಥಳೀಯ ಮಾರ್ಗದರ್ಶಿ, ಇಪ್ಪತ್ತರ ಆಸುಪಾಸಿನ ಹ್ಮಾಂಗ್ ಯುವಕ, ವ್ಯಾನಿನಿಂದ ಇಳಿಯುವ ಮೊದಲೇ ತಿಳಿಸಿದ. ನಮ್ಮಲ್ಲಿ ಯಾರೂ ಅಲ್ಲಿ ಮಕ್ಕಳ ಚಿತ್ರ ತೆಗೆಯಲಿಲ್ಲ. ಇದು ಸುಲಭದ ನಿರ್ಧಾರವಾಗಿತ್ತು.

ಕಷ್ಟದ ಪ್ರಶ್ನೆ ಎದುರಾದದ್ದು ಅದೇ ಮಧ್ಯಾಹ್ನ, ಸುಂಗ್ ಲಾ ಕಣಿವೆಯಲ್ಲಿ. ಮಣ್ಣನ್ನು ಹಲಗೆಗಳ ನಡುವೆ ಕುಟ್ಟಿ ಕುಟ್ಟಿ ಎಬ್ಬಿಸಿದ ದಪ್ಪ ಗೋಡೆ, ಅರ್ಧಕೊಳವೆಯಾಕಾರದ ಹಂಚು, ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿದ ಕಲ್ಲಿನ ಪಾಗಾರ, ಸುತ್ತ ಬಕ್‌ವೀಟ್ ಹೊಲ. ಉತ್ತರ ಭಾರತದಲ್ಲಿ ಉಪವಾಸದ ದಿನಗಳಿಗೆ ಬಳಸುವ ಕುಟ್ಟು ಹಿಟ್ಟು ಬರುವುದು ಇದೇ ಗಿಡದಿಂದ. ಹೂವು ಬಿಳಿಯಾಗಿ ಅರಳಿ, ಗುಲಾಬಿಗೆ ತಿರುಗಿ, ಕೊನೆಗೆ ಕೆನ್ನೇರಳೆಯಾಗುತ್ತದೆ. ಹೊಲಕ್ಕೆ ಇಳಿಯಲು ತಲೆಗೆ ಹತ್ತು ಸಾವಿರ ಡಾಂಗ್, ಎಂದರೆ ನಮ್ಮ ಮೂವತ್ತು ಚಿಲ್ಲರೆ ರೂಪಾಯಿ, ಕೊಡಬೇಕು. ಬೆಳೆಯ ಯಜಮಾನನಿಗೆ ನೇರವಾಗಿ ಸೇರುವ ಈ ಹಣದ ಬಗ್ಗೆ ನನಗೆ ತಕರಾರಿಲ್ಲ. ಹೂವು ತುಳಿದು ಹೋಗುವವರಿಂದ ಆತ ಬೇರೆ ಹೇಗೆ ನಷ್ಟ ತುಂಬಿಕೊಳ್ಳಬೇಕು?

ಅಲ್ಲಿನ ಒಂದು ಮನೆಯಲ್ಲಿ ಪ್ರವಾಸ ಸಂಸ್ಥೆಯವರು ನಮಗಾಗಿ ಒಂದು ದೃಶ್ಯವನ್ನು ಮೊದಲೇ ಏರ್ಪಡಿಸಿದ್ದರು. ಬಾಗಿಲ ಬಳಿ ಒಬ್ಬ ವೃದ್ಧರನ್ನು ಬಿದಿರಿನ ಹುಕ್ಕಾದೊಂದಿಗೆ ಕೂರಿಸಿದ್ದರು. ಬೆಳಕಿನ ಕೋಲುಗಳು ಎದ್ದು ಕಾಣಲೆಂದು ಒಳಗೆ ಹಸಿ ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಿದ್ದರು. ಮೊಮ್ಮಗಳು ಜೋಳದ ತೆನೆಗಳನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಸುರಿಯಬೇಕು, ಮತ್ತೆ ತುಂಬಬೇಕು, ಮತ್ತೆ ಸುರಿಯಬೇಕು. ನಾವು ಹನ್ನೊಂದು ಮಂದಿ ಮೂರು ಸಾಲಾಗಿ, ಮುಂದಿನವರು ಕುಕ್ಕರುಗಾಲಿನಲ್ಲಿ, ಹಿಂದಿನವರು ನಿಂತು, ಒಂದೇ ಸಮನೆ ಶಟರ್ ಒತ್ತಿದೆವು. ಚಿತ್ರಗಳು ನೋಡಲು ಚೆನ್ನಾಗಿಯೇ ಬಂದವು. ಆದರೆ ರಾತ್ರಿ ಎಲ್ಲರೂ ಲ್ಯಾಪ್‌ಟಾಪ್ ತೆರೆದು ಕುಳಿತಾಗ ಹನ್ನೊಂದು ಪರದೆಗಳ ಮೇಲೂ ಒಂದೇ ಚಿತ್ರ ಇತ್ತು. ಹೊಗೆಯಿಂದ ಕಣ್ಣು ಕೆಂಪಾಗಿದ್ದ ಆ ಹುಡುಗಿಯ ಮುಖವೂ ಎಲ್ಲದರಲ್ಲೂ ಒಂದೇ ರೀತಿ ಇತ್ತು.

ಬೆಂಗಳೂರಿನ ಛಾಯಾಗ್ರಹಣ ಕ್ಲಬ್‌ಗಳಲ್ಲಿ ಬೆಳೆದವರಿಗೆ ಸ್ಪರ್ಧಾ ಪ್ರದರ್ಶನಗಳಾದ ಸಲಾನ್‌ಗಳ ನಿಯಮ ಹೊಸದಲ್ಲ. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳ ಮೂಲಕ ನಮ್ಮ ಎಷ್ಟೋ ಜನ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಚಿತ್ರ ಕಳಿಸುತ್ತ ಬಂದಿದ್ದಾರೆ. ಹಲವು ಸಲಾನ್‌ಗಳಿಗೆ ತೀರ್ಪುಗಾರರಾಗಿದ್ದ ನಮ್ಮ ತಂಡದ ಹಿರಿಯರೊಬ್ಬರು ಅಂದು ರಾತ್ರಿ ನಿಯಮವನ್ನು ಮತ್ತೊಮ್ಮೆ ನೆನಪಿಸಿದರು. ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕದ ವ್ಯಾಖ್ಯೆಯಂತೆ ಪ್ರವಾಸ ವಿಭಾಗದ ಚಿತ್ರವು ಒಂದು ನಾಡಿನ ಲಕ್ಷಣವನ್ನಾಗಲಿ ಸಂಸ್ಕೃತಿಯನ್ನಾಗಲಿ ಅದು ಸಹಜವಾಗಿ ಇರುವಂತೆಯೇ ತೋರಿಸಬೇಕು. ಫೋಟೋಗಾಗಿಯೇ ಏರ್ಪಡಿಸಿದ ಚಟುವಟಿಕೆ, ನಿರ್ದೇಶಿಸಿದ ಅಥವಾ ಹಣ ಕೊಟ್ಟು ಕರೆಸಿದ ವ್ಯಕ್ತಿ ಆ ವಿಭಾಗಕ್ಕೆ ಸಲ್ಲದು. ಮುಖದ ಸಮೀಪಚಿತ್ರವಾದರೆ ಅದರಲ್ಲಿ ಸ್ಥಳದ ಗುರುತು ಹೇಳುವ ಅಂಶ ಇರಲೇಬೇಕು. “ಹಾಗಿದ್ದರೆ ಸರ್, ಇವತ್ತಿನ ಒಂದು ಫ್ರೇಮೂ ಪ್ರವಾಸ ವಿಭಾಗಕ್ಕೆ ಹೋಗುವುದಿಲ್ಲ” ಎಂದು ಶಿವಮೊಗ್ಗದ ವೈದ್ಯೆಯೊಬ್ಬರು ನೇರವಾಗಿ ಹೇಳಿದರು. ಹಿರಿಯರು ಒಪ್ಪಿದರು. ಬಹುಮಾನ ಪಡೆದ ಎಷ್ಟೋ ಪ್ರವಾಸಚಿತ್ರಗಳು ಹೀಗೆಯೇ ಹುಟ್ಟಿವೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮತ್ತು ಆ ಮೌನದಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ.

ಆ ವೃದ್ಧರು ಹಣ ಪಡೆದು ಕುಳಿತದ್ದರಲ್ಲಿ ತಪ್ಪೇನೂ ಇಲ್ಲವೆಂದೇ ನಾನು ಭಾವಿಸುತ್ತೇನೆ. ಕಲ್ಲಿನ ನಡುವೆ ಜೋಳ ಬೆಳೆಯುವವನಿಗೆ ಒಂದು ಮಧ್ಯಾಹ್ನದ ಕೂಲಿ ಸಣ್ಣದಲ್ಲ, ತನ್ನ ಅಂಗಳದಲ್ಲಿ ತನ್ನ ಷರತ್ತಿನ ಮೇಲೆ ಅದನ್ನು ದುಡಿಯುವ ಹಕ್ಕು ಅವರದು. ತೊಂದರೆ ಇರುವುದು ಅಂಥ ಚಿತ್ರವನ್ನು ನಿತ್ಯಜೀವನವೆಂದು ಶೀರ್ಷಿಕೆ ಹಾಕಿ ತೋರಿಸುವುದರಲ್ಲಿ, ಮತ್ತು ಹನ್ನೊಂದು ಜನರನ್ನು ಒಂದು ಮನೆಯೊಳಕ್ಕೆ ಒಟ್ಟಿಗೆ ಬಿಡುವುದರಲ್ಲಿ. ಮಾರ್ಗದರ್ಶಿಯನ್ನು ಕರೆದು ಅಭಿಪ್ರಾಯ ಕೇಳಿದಾಗ ಆತ ಸ್ವಲ್ಪ ಹೊತ್ತು ಸಂಕೋಚಪಟ್ಟು, “ನಿಮ್ಮ ಊರಿನ ಅಡುಗೆಮನೆಗೆ ಹೀಗೆ ಇಷ್ಟು ಜನ ಬಂದರೆ ನಿಮ್ಮ ತಾಯಿ ಏನು ಮಾಡುತ್ತಾರೆ?” ಎಂದು ತಿರುಗಿ ಕೇಳಿದ. ಮುಂದೆ ಏರ್ಪಾಡಾಗಿದ್ದ ಇನ್ನೆರಡು ದೃಶ್ಯಗಳನ್ನು ರದ್ದು ಮಾಡಿ, ಅವುಗಳಿಗೆ ಒಪ್ಪಿದ್ದ ಮನೆಗಳಿಗೆ ಮಾತು ಕೊಟ್ಟ ಹಣ ತಲುಪಿಸಿ, ಉಳಿದ ದಿನಗಳನ್ನು ಬೇರೆ ರೀತಿಯಲ್ಲಿ ಕಳೆಯುವುದೆಂದು ಅಂದೇ ನಿರ್ಧರಿಸಿದೆವು.

ಹೊಸ ಕ್ರಮ ಹೀಗಿತ್ತು. ತಂಡ ಇಬ್ಬಿಬ್ಬರಾಗಿ ಒಡೆಯಬೇಕು. ಒಂದು ಮನೆಗೆ ಒಂದೇ ಜೋಡಿ, ಮಾರ್ಗದರ್ಶಿ ಅಥವಾ ಅವನು ಗೊತ್ತುಮಾಡಿದ ಊರಿನವರೊಬ್ಬರು ಮೊದಲು ಹೋಗಿ ಕೇಳಿಬರಬೇಕು. ಒಳಗೆ ಕರೆದರೆ ಕ್ಯಾಮೆರಾ ಚೀಲದಲ್ಲೇ ಇರಬೇಕು. ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಮನೆಯವರು ಕೆಲಸಕ್ಕೆ ಮರಳಿದ ಮೇಲಷ್ಟೇ ಅನುಮತಿ ಕೇಳಿ ಹೊರತೆಗೆಯಬೇಕು. ಫ್ಲ್ಯಾಶ್ ಬೇಡ, “ಈ ಕಡೆ ನೋಡಿ, ಮತ್ತೊಮ್ಮೆ ಮಾಡಿ” ಎಂಬ ಮಾತು ಬೇಡ. ತಂದೆತಾಯಿ ಎದುರಿಗಿಲ್ಲದೆ ಮಕ್ಕಳ ಚಿತ್ರ ಬೇಡ. ಪೋಸ್ ಕೊಟ್ಟದ್ದಕ್ಕೆಂದು ಹಣ ಕೊಡದೆ, ಊಟ ಮಾಡಿದರೆ ಊಟಕ್ಕೆ, ಬಟ್ಟೆ ಕೊಂಡರೆ ಬಟ್ಟೆಗೆ ಚೌಕಾಸಿ ಮಾಡದೆ ಕೊಡಬೇಕು. ಹೊರಡುವ ಮುಂಚೆ ತೆಗೆದ ಚಿತ್ರಗಳಲ್ಲಿ ಅವರು ಆರಿಸಿದ್ದನ್ನು ಮುದ್ರಿಸಿ ಅವರ ಕೈಗೆ ಕೊಡಬೇಕು.

ಮರುದಿನ ಬೆಳಿಗ್ಗೆ ಕಣಿವೆಯ ಮೇಲಿನ ಒಂದು ಹ್ಮಾಂಗ್ ಹಳ್ಳಿಗೆ ನಡೆದೇ ಹೋದೆವು. ಮೊದಲ ಮನೆಯ ಬಾಗಿಲಿಗೆ ಎಲೆಗಳಿದ್ದ ಹಸಿ ಕೊಂಬೆಯೊಂದನ್ನು ತೂಗುಹಾಕಿದ್ದರು. ಹೆರಿಗೆಯಾದಾಗ ಅಥವಾ ಮನೆಯಲ್ಲಿ ಪೂಜೆಯ ಕಾರ್ಯ ನಡೆದಾಗ ಹೊರಗಿನವರು ಬರಬಾರದೆಂಬ ಸೂಚನೆ ಅದು. ನಾವು ಅಂಗಳವನ್ನೂ ಮೆಟ್ಟದೆ ಮುಂದೆ ಹೋದೆವು. ಇಂಥ ಕೊಂಬೆಯನ್ನು ಅಲಂಕಾರವೆಂದು ತಿಳಿದು ಅದರ ಚಿತ್ರ ತೆಗೆಯುತ್ತಲೇ ಒಳಗೆ ಕಾಲಿಟ್ಟವರ ಕಥೆಗಳನ್ನು ಮಾರ್ಗದರ್ಶಿ ದಾರಿಯುದ್ದಕ್ಕೂ ಹೇಳಿದ.

ನನ್ನನ್ನೂ ಮೈಸೂರಿನ ಗೆಳೆಯರೊಬ್ಬರನ್ನೂ ಒಳಗೆ ಕರೆದ ಮನೆಯಲ್ಲಿ ಅತ್ತೆ ಸೊಸೆ ಜೋಳ ಬೀಸುತ್ತಿದ್ದರು. ಬೀಸುವ ಕಲ್ಲು ನಮ್ಮ ಹಳೆಯ ಮನೆಗಳಲ್ಲಿದ್ದುದಕ್ಕಿಂತ ಬಹಳ ದೊಡ್ಡದು. ಅದಕ್ಕೆ ಕೈಹಿಡಿಯ ಗೂಟದ ಬದಲು ಉದ್ದನೆಯ ಮರದ ತೋಳು, ತೋಳಿನ ತುದಿಗೆ ಅಡ್ಡಪಟ್ಟಿ. ಒಬ್ಬರು ನಿಂತು ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ತಳ್ಳಿ ಎಳೆದು ಕಲ್ಲನ್ನು ತಿರುಗಿಸುತ್ತಾರೆ, ಇನ್ನೊಬ್ಬರು ಪ್ರತಿ ಸುತ್ತಿಗೂ ಲಯ ತಪ್ಪದಂತೆ ಒಂದು ಮುಷ್ಟಿ ಕಾಳನ್ನು ಕಲ್ಲಿನ ನಡುವಿನ ಕುಳಿಗೆ ಹಾಕುತ್ತಾರೆ. ಬಿದ್ದ ಹಿಟ್ಟನ್ನು ಮೊರದಲ್ಲಿ ಕೇರಿ, ನೀರು ಚಿಮುಕಿಸಿ ಕಲಸಿ, ಮರದ ಪಾತ್ರೆಯಲ್ಲಿ ಹಬೆಗಿಟ್ಟು ಬೇಯಿಸಿ, ಇಳಿಸಿ ಉದುರಿಸಿ, ಮತ್ತೆ ನೀರು ಕಲಸಿ ಎರಡನೆಯ ಸಲ ಹಬೆಗಿಡುತ್ತಾರೆ. ಮೆನ್ ಮೆನ್ ಎಂಬ ಈ ಹಿಟ್ಟು ಇಲ್ಲಿನ ದಿನದ ಊಟ. ಒಣಗಿದ ಉಪ್ಪಿಟ್ಟಿನಂತೆ ಉದುರುದುರಾಗಿರುವ ಇದನ್ನು ಸೊಪ್ಪಿನ ಸಾರು ಹಾಕಿಕೊಳ್ಳದೆ ನುಂಗುವುದು ಕಷ್ಟ. ಹಾಕಿಕೊಂಡರೆ ಬೆಂದ ಜೋಳದ ಸಿಹಿಪರಿಮಳ ಚೆನ್ನಾಗಿ ತಿಳಿಯುತ್ತದೆ.

ಮನೆಗೆ ಕಿಟಕಿ ಇರಲಿಲ್ಲವೆಂದರೂ ನಡೆದೀತು. ಇದ್ದ ಒಂದೆರಡು ಕಿಂಡಿಗಳಿಗೂ ಜೋಳದ ಗೊಂಚಲು ಅಡ್ಡವಾಗಿತ್ತು. ಬೆಳಕು ಬರುತ್ತಿದ್ದುದು ಬಾಗಿಲಿನಿಂದ ಮಾತ್ರ. ಒಲೆಯ ಮಸಿ ಹತ್ತಿದ ಗೋಡೆ, ನೀಲಿಯಲ್ಲಿ ಅದ್ದಿ ಅದ್ದಿ ಕಪ್ಪಾದ ಉಡುಪು, ಅದರ ನಡುವೆ ಹಳದಿ ಹಿಟ್ಟು: ಕ್ಯಾಮೆರಾದ ಅಳತೆಗೆ ಬಿಟ್ಟರೆ ಅದು ಕಪ್ಪನ್ನು ಬೂದಿಯಾಗಿಸಿ ಹಿಟ್ಟನ್ನು ಸುಟ್ಟುಬಿಡುತ್ತದೆ. ಬೆಳಕನ್ನು ಒಂದು ಸ್ಟಾಪ್, ಎಂದರೆ ಅರ್ಧಕ್ಕೆ, ಕಡಿಮೆ ಮಾಡಿ, 35 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ತೆರೆದು, ಐ.ಎಸ್.ಒ. 3200ರಲ್ಲಿ ಸೆಕೆಂಡಿನ ಅರವತ್ತನೇ ಭಾಗದ ಶಟರ್ ವೇಗ ಸಿಕ್ಕಿತು. ಮುಖ ಸ್ಥಿರವಾಗಿ, ತಳ್ಳುವ ತೋಳು ಮಾತ್ರ ಮಸುಕಾಗಲು ಅಷ್ಟು ವೇಗ ಸರಿಹೋಗುತ್ತದೆ. ಆದರೆ ಈ ಲೆಕ್ಕಾಚಾರಕ್ಕೆ ಅರ್ಥ ಬಂದದ್ದು ನಾವು ಬಹಳ ಹೊತ್ತು ಮೂಲೆಯಲ್ಲಿ ಕುಳಿತದ್ದರಿಂದ. ಕಾಳು ಹಾಕುತ್ತಿದ್ದ ಅತ್ತೆ ನಮ್ಮ ಇರವನ್ನೇ ಮರೆತುಬಿಟ್ಟು ಸೊಸೆಗೆ ಏನೋ ಗದರುತ್ತ, ಸೊಸೆ ಕಲ್ಲು ನಿಲ್ಲಿಸದೆ ಮುಖ ಆಚೆ ತಿರುಗಿಸಿ ನಗುತ್ತಿದ್ದ ಕ್ಷಣವನ್ನು ಯಾವ ಏರ್ಪಾಡೂ ತಂದುಕೊಡುತ್ತಿರಲಿಲ್ಲ. ನನ್ನ ಆಯ್ಕೆ ಆ ಚಿತ್ರವಾಗಿತ್ತು. ಅತ್ತೆ ಮುದ್ರಿಸಲು ಹೇಳಿದ್ದು ಬೇರೆಯದನ್ನು. ಒಳಗೆ ಹೋಗಿ ಒಳ್ಳೆಯ ತಲೆವಸ್ತ್ರ ಸುತ್ತಿಕೊಂಡು ಬಂದು, ಬಾಗಿಲ ಮುಂದೆ ಸೊಸೆಯ ಪಕ್ಕ ನೆಟ್ಟಗೆ ನಿಂತು, ನೇರವಾಗಿ ಲೆನ್ಸನ್ನು ನೋಡುತ್ತ ತೆಗೆಸಿಕೊಂಡ ಚಿತ್ರ ಅದು. ಅವರು ಹೇಗೆ ಕಾಣಬಯಸುತ್ತಾರೋ ಹಾಗೆ ಒಂದು ಚಿತ್ರ ತೆಗೆದುಕೊಡುವುದು ಛಾಯಾಗ್ರಾಹಕನ ಮೊದಲ ಋಣ ಎಂದು ನನಗೆ ಈಗ ಖಚಿತವಾಗಿ ಅನ್ನಿಸುತ್ತದೆ.

ಡೋಂಗ್ ವಾನ್ ಪಟ್ಟಣದ ಭಾನುವಾರದ ಸಂತೆಯಲ್ಲಿ ಈ ಕ್ರಮ ಅಷ್ಟಾಗಿ ಅಗತ್ಯವಿರಲಿಲ್ಲ. ಸಂತೆ ಎಲ್ಲರದೂ ಆದ ಜಾಗ, ಅಲ್ಲಿ ಹೊಸಬರನ್ನು ಜನ ತಾವೇ ಕುತೂಹಲದಿಂದ ನೋಡುತ್ತಾರೆ. ಆದರೂ ಇಡೀ ಸಂತೆ ಸುತ್ತುವುದಕ್ಕಿಂತ ತೋಫು ಮಾರುವವಳ ಪಕ್ಕ ಒಂದೇ ಕಡೆ ನಿಂತದ್ದು ನನಗೆ ಹೆಚ್ಚು ಫಲ ಕೊಟ್ಟಿತು. ಸುತ್ತಮುತ್ತಲ ಕೆಲವು ಹಳ್ಳಿಗಳಲ್ಲಿ ಸಂತೆ ಆರು ದಿನಕ್ಕೊಮ್ಮೆ ಸೇರುತ್ತದೆ. ಈ ವಾರ ಶನಿವಾರ ಆದರೆ ಮುಂದಿನದು ಶುಕ್ರವಾರ, ಅದರ ಮುಂದಿನದು ಗುರುವಾರ, ಹೀಗೆ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಈ ಸಂತೆಗಳಿಗೆ ಪ್ರವಾಸಿಗರು ಕಡಿಮೆ. ಹಂದಿಮರಿ, ನೇಗಿಲಿನ ಗುಳ, ಜೋಳದ ಮದ್ಯ, ನೂಲಿನ ಉಂಡೆಗಳ ನಡುವೆ ನಿಜವಾದ ವ್ಯಾಪಾರ ನಡೆಯುತ್ತದೆ. ಅಂಥದೊಂದಕ್ಕೆ ಹೊಂದುವಂತೆ ನಮ್ಮ ದಿನಗಳು ಕೂಡಿಬರಲಿಲ್ಲ.

ಮಾ ಪಿ ಲೆಂಗ್ ಕಣಿವೆದಾರಿಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಿಕೆಗೆ ಅದು ತಕ್ಕುದೂ ಆಗಿದೆ. ಆ ಬಂಡೆಗೋಡೆಯ ತುಂಡನ್ನು ಕಡಿಯಲು ಕೆಲಸಗಾರರು ಹಗ್ಗಕ್ಕೆ ಜೋತುಬಿದ್ದು ತಿಂಗಳುಗಟ್ಟಲೆ ದುಡಿದರು. ಕೆಳಗೆ ನೋ ಕ್ವೆ ನದಿ ಹಸಿರು ದಾರದಂತೆ ಕಾಣುತ್ತದೆ. ಬಿಸಿಲು ತಳಕ್ಕೆ ಇಳಿಯುವುದು ತಡ, ಇಳಿದಾಗ ನೆರಳು ಬೆಳಕಿನ ಅಂತರ ವಿಪರೀತ. ಹೀಗಾಗಿ ಮೋಡ ಮುಚ್ಚಿದ ದಿನವೇ ಇಲ್ಲಿ ಒಳ್ಳೆಯದು.

ವಾಪಸಾಗುವ ದಾರಿಯಲ್ಲಿ, ಕ್ವಾನ್ ಬಾ ಸಮೀಪದ ಲುಂಗ್ ತಾಮ್ ಹಳ್ಳಿಯಲ್ಲಿ ನಾವು ಯೋಜನೆಗಿಂತ ಹೆಚ್ಚು ಹೊತ್ತು ಉಳಿದೆವು. ಇಲ್ಲಿನ ಹ್ಮಾಂಗ್ ಹೆಂಗಸರು ಸಹಕಾರ ಸಂಘ ಮಾಡಿಕೊಂಡು ಹೆಂಪ್ ನಾರಿನ ಬಟ್ಟೆ ನೇಯುತ್ತಾರೆ. ಹೆಂಪ್ ನಮ್ಮ ಭಂಗಿ ಗಿಡದ ಜಾತಿಯದೇ, ಆದರೆ ನಾರಿಗಾಗಿ ಒತ್ತೊತ್ತಾಗಿ ಬೆಳೆಸಿದ್ದು. ಒಣಗಿಸಿದ ಕಾಂಡದಿಂದ ಸಿಪ್ಪೆ ಸುಲಿದು, ಒರಳಲ್ಲಿ ಕುಟ್ಟಿ ಮೆತ್ತಗೆ ಮಾಡಿ, ಎಳೆಗೆ ಎಳೆ ಸೇರಿಸುತ್ತ ಹೋಗುವ ಕೆಲಸವನ್ನು ಅವರು ಗುಡ್ಡ ಹತ್ತುವಾಗಲೂ, ಸಂತೆಯ ದಾರಿಯಲ್ಲೂ ಬಿಡುವುದಿಲ್ಲ. ಬೆನ್ನ ಮೇಲೆ ಬುಟ್ಟಿ, ಬೆರಳ ನಡುವೆ ನಾರು. ನೂತ ನೂಲನ್ನು ಬೂದಿನೀರಿನಲ್ಲಿ ಕುದಿಸಿ ಬಿಳುಪು ಮಾಡಿ ಮಗ್ಗಕ್ಕೇರಿಸುತ್ತಾರೆ. ನೇಯ್ದ ಬಟ್ಟೆಯನ್ನು ನಯಮಾಡುವ ವಿಧಾನವನ್ನು ನಾನು ಬೇರೆಲ್ಲೂ ನೋಡಿಲ್ಲ. ಬಟ್ಟೆಯನ್ನು ಒಂದು ಮರದ ದಿಮ್ಮಿಯ ಮೇಲೆ ಹರಡಿ, ಅದರ ಮೇಲೆ ಚಪ್ಪಟೆ ಕಲ್ಲಿಟ್ಟು, ಹೆಂಗಸೊಬ್ಬಳು ಆ ಕಲ್ಲಿನ ಎರಡು ತುದಿಗಳಿಗೆ ಕಾಲಿಟ್ಟು ನಿಂತು, ಭಾರವನ್ನು ಎಡಕ್ಕೂ ಬಲಕ್ಕೂ ಹಾಕುತ್ತ ದಿಮ್ಮಿಯನ್ನು ಉರುಳಿಸುತ್ತಾಳೆ. ಒರಟು ನಾರು ಹೊಳಪು ಬರುವವರೆಗೆ ಇದು ನಡೆಯುತ್ತದೆ. ಬಳಿಕ ಜೇನುಮೇಣದಿಂದ ಚಿತ್ತಾರ ಬರೆದು, ನೀಲಿಯ ಬಾನಿಯಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿ, ಕೊನೆಗೆ ಕುದಿಸಿ ಮೇಣ ತೆಗೆದರೆ ಕಡುನೀಲಿಯ ನಡುವೆ ಬಿಳಿ ಗೆರೆಗಳು ಉಳಿಯುತ್ತವೆ. ಇಲ್ಲಿ ಪ್ರತಿಯೊಬ್ಬರೂ ಕೆಲಸದ ಒಂದೊಂದು ಹಂತವನ್ನು ಹಂಚಿಕೊಂಡೆವು. ಮೈಸೂರಿನ ಗೆಳೆಯರು ಬಾನಿಯ ಬಳಿ ಕುಳಿತರು, ವೈದ್ಯೆ ಒರಳಿನ ಬಳಿ. ನಾನು ನೂಲುವ ಕೈಗಳನ್ನಷ್ಟೇ ನೋಡಿದೆ; ಉಗುರಿನ ಸಂದಿಗೆ ಇಳಿದ ನೀಲಿ ತೊಳೆದರೂ ಹೋಗದಂಥದು. ಎಲ್ಲರ ಚಿತ್ರಗಳನ್ನು ಜೋಡಿಸಿದಾಗ ಗಿಡದಿಂದ ಬಟ್ಟೆಯವರೆಗಿನ ಇಡೀ ಕೆಲಸ ಒಂದು ಸರಣಿಯಾಗಿ ದಕ್ಕಿತು. ತಂಡವಾಗಿ ಹೋದದ್ದರ ಪ್ರಯೋಜನ ಕಂಡದ್ದು ಇಲ್ಲಿ. ಒಬ್ಬನೇ ಆಗಿದ್ದರೆ ಇದು ನನ್ನಿಂದ ಆಗುತ್ತಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ತಂಡದ ಎಲ್ಲರೂ ಒಂದು ಕಡೆ ಸೇರಿ ಆಯ್ಕೆ ಮಾಡಿದೆವು. ಸುಂಗ್ ಲಾದ ಹೊಗೆಯ ಚಿತ್ರಗಳನ್ನು ಯಾರೂ ಅಳಿಸಲಿಲ್ಲ, ಆದರೆ ಅವು ಪ್ರವಾಸ ವಿಭಾಗಕ್ಕೆ ಹೋಗುವುದಿಲ್ಲವೆಂದೂ, ಮುಕ್ತ ವಿಭಾಗದಲ್ಲಿ ಅಥವಾ ಪ್ರದರ್ಶನದಲ್ಲಿ ಬಳಸಿದರೆ ‘ಛಾಯಾಗ್ರಹಣಕ್ಕಾಗಿ ಏರ್ಪಡಿಸಿದ ದೃಶ್ಯ’ ಎಂದು ಅಡಿಯಲ್ಲಿ ಬರೆಯಬೇಕೆಂದೂ ಒಪ್ಪಿಕೊಂಡೆವು. ಹಿರಿಯರಿಗೆ ಇದು ಅತಿಯಾಯಿತೇನೋ ಎಂಬ ಅನುಮಾನ ಇತ್ತು. ತೀರ್ಪುಗಾರರು ಅಂಥ ಸಾಲು ಓದಿದರೆ ಅಂಕ ಕಡಿಮೆ ಕೊಡುತ್ತಾರೆ ಎಂದರು. ಕೊಡಲಿ ಎಂದು ವೈದ್ಯೆ ಹೇಳಿದ್ದಕ್ಕೆ ಅವರೂ ಕೊನೆಗೆ ತಲೆಯಾಡಿಸಿದರು. ಹೆಂಪ್ ಸರಣಿಯ ಪೂರ್ತಿ ಪ್ರತಿಯನ್ನು ಸಹಕಾರ ಸಂಘದವರು ತಮ್ಮ ಅಂಗಡಿಯಲ್ಲಿ ಬಳಸಿಕೊಳ್ಳಲು ಶುಲ್ಕವಿಲ್ಲದೆ ಕಳಿಸಿಕೊಟ್ಟಿದ್ದೇವೆ.

ಮುಂದಿನ ವರ್ಷದ ತಂಡಕ್ಕಾಗಿ ಪ್ರವಾಸ ಸಂಸ್ಥೆಗೆ ನಾವು ಬರೆದುಕೊಟ್ಟ ಬೇಡಿಕೆಗಳು ಸರಳವಾಗಿವೆ. ತಂಡ ಆರು ಜನರನ್ನು ಮೀರಬಾರದು. ದಿನಕ್ಕೊಂದು ಊರು ಬದಲಿಸುವ ಬದಲು ಒಂದೇ ಹಳ್ಳಿಯ ಹೋಮ್‌ಸ್ಟೇಯಲ್ಲಿ ಕೆಲವು ರಾತ್ರಿ ಉಳಿಯಬೇಕು. ಮಾರ್ಗದರ್ಶಿ ಆ ಊರಿನ ಭಾಷೆ ಆಡುವವನೇ ಆಗಿರಬೇಕು, ಅವನ ಸಂಬಳದಲ್ಲಿ ಮುನ್ನಾದಿನ ಮನೆಮನೆಗೆ ಹೋಗಿ ಕೇಳಿಬರುವ ಕೆಲಸದ ಲೆಕ್ಕವೂ ಸೇರಿರಬೇಕು. ಮುದ್ರಣದ ಕಾಗದದ ಖರ್ಚನ್ನು ಪ್ರವಾಸದ ಶುಲ್ಕದಲ್ಲೇ ಹಿಡಿಯಬೇಕು. ವಿಮಾನದ ಟಿಕೆಟ್ ಮಾಡುವ ಮುಂಚೆ ಆರು ದಿನದ ಸಂತೆಯ ಪಟ್ಟಿ ತರಿಸಿಕೊಂಡು, ಹಳ್ಳಿಯಲ್ಲಿ ಉಳಿಯುವ ದಿನಗಳನ್ನು ಅದಕ್ಕೆ ಹೊಂದಿಸಬೇಕು. ಆರು ಜನರ ಮಿತಿಯಿಂದ ತಲಾ ಖರ್ಚು ಏರುತ್ತದೆಂದು ಸಂಸ್ಥೆಯವರು ಉತ್ತರಿಸಿದ್ದಾರೆ. ಏರಿದ ಮೊತ್ತವನ್ನು ಕೊಡಲು ನಮ್ಮಲ್ಲಿ ನಾಲ್ವರು ಈಗಾಗಲೇ ಒಪ್ಪಿ ಹೆಸರು ಕೊಟ್ಟಿದ್ದೇವೆ.